ಕುಣಿಗಲ್ಲಿಗೆ ನಾಣ್ಯ ನೋಡಲು ಹೋದದ್ದು

ನಾನು ಕಲ್ಲಂಗಡಿ ಹಣ್ಣು ಕೊಳ್ಳುವಾಗ ಬೆರಳು ಮಡಿಚಿ ತಟ್ಟಿ ನೋಡುತ್ತೇನೆ. ತಟ್ಟಿದಾಗ ಯಾವ ಸದ್ದು ಬರಬೇಕು ಅನ್ನುವುದು ಮಾತ್ರ ಇವತ್ತಿಗೂ ಗೊತ್ತಿಲ್ಲ. ಪಕ್ಕದಲ್ಲಿ ನಿಂತವರು ತಟ್ಟುತ್ತಾರೆ, ನಾನೂ ತಟ್ಟುತ್ತೇನೆ. ಅವರು ತಲೆಯಾಡಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ, ನಾನೂ ಎತ್ತಿಕೊಳ್ಳುತ್ತೇನೆ. ಮೂರು ತಟ್ಟಿ ನಾಲ್ಕನೆಯದನ್ನು ಕೊಂಡರೆ ಅಂಗಡಿಯವನಿಗೆ ನನ್ನ ಮೇಲೆ ಒಂದಿಷ್ಟು ಗೌರವ ಬರುತ್ತದೆ ಎಂದು ನಂಬಿದ್ದೇನೆ. ಮನೆಗೆ ತಂದು ಹೆಚ್ಚಿದಾಗ ಹಣ್ಣು ಒಳಗೆ ಬಿಳಚಿಕೊಂಡಿದ್ದರೆ ಯಾರಿಗೂ ಹೇಳದೆ ಸಕ್ಕರೆ ಹಾಕಿ ಜ್ಯೂಸ್ ಮಾಡಿಬಿಡುತ್ತೇನೆ.

ಇಂಥ ನನ್ನನ್ನು ಒಂದು ಕ್ರಿಪ್ಟೊ ನಾಣ್ಯ ಪರೀಕ್ಷೆ ಮಾಡಿಕೊಡು ಎಂದು ಕರೆದರು. ಕರೆದವರು ಗುಬ್ಬಿಯ ನಮ್ಮ ಭಾವ, ಅಕ್ಕನ ಯಜಮಾನರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನನ್ನನ್ನೇ ಯಾಕೆ ಕರೆದರು ಅನ್ನುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ತುಮಕೂರಿನ ನಮ್ಮ ಬೀದಿಗೆ ನಲ್ಲಿ ನೀರು ಯಾವತ್ತು ಬಂತು, ಗ್ಯಾಸ್ ಯಾವತ್ತು ಬದಲಾಯಿಸಿದೆ, ಯಾವತ್ತು ಹಾಲು ಒಡೆಯಿತು, ಕರಿಬೇವಿನ ಗಿಡ ಯಾವತ್ತು ಚಿಗುರಿತು, ಎಲ್ಲವನ್ನೂ ಅದರಲ್ಲಿ ಬರೆಯುವ ಅಭ್ಯಾಸ ನನಗೆ. ಬರೆದದ್ದನ್ನು ತಿರುಗಿ ಓದಿ ಏನನ್ನಾದರೂ ಕಲಿತದ್ದಿಲ್ಲ. ಆದರೆ ಬರೆದಿಡುವವರಿಗೆ ಬುದ್ಧಿ ಇರುತ್ತದೆ ಎಂದು ನಮ್ಮ ಬಂಧುಗಳು ತಿಳಿದಿದ್ದಾರೆ. ಎರಡನೆಯ ಕಾರಣ, ನಮ್ಮ ಕಡೆಯ ಮದುವೆ ಸಂಬಂಧಗಳನ್ನು ವಿಚಾರಿಸಿಕೊಂಡು ಬರುವ ಕೆಲಸ ಹೇಗೋ ನನ್ನ ಹೆಗಲಿಗೆ ಬಿದ್ದಿದೆ. ಇದುವರೆಗೆ ನಾನು ಒಪ್ಪಿದ ಎರಡು ಸಂಬಂಧಗಳೂ ಚೆನ್ನಾಗಿಯೇ ನಡೆಯುತ್ತಿವೆ. ಒಂದು ಮನೆಯಲ್ಲಿ ದಿನಾ ಜಗಳ ಉಂಟು. ಆದರೆ ಹನ್ನೊಂದು ವರ್ಷದಿಂದ ಒಂದೇ ವಿಷಯಕ್ಕೆ ಜಗಳ, ಹಾಗಾಗಿ ಅದನ್ನು ಸ್ಥಿರತೆ ಎಂದೇ ಲೆಕ್ಕ ಹಿಡಿಯುತ್ತೇನೆ.

ಭಾವ ಕುಣಿಗಲ್ಲಿನಲ್ಲಿ ಮೇಷ್ಟರಾಗಿದ್ದ ಕಾಲದಲ್ಲಿ ಅಲ್ಲೊಂದು ಸೈಟು ಕೊಂಡಿದ್ದರು. ಅದು ಈಗ ಮಾರಿಹೋಗಿ ದುಡ್ಡು ಬ್ಯಾಂಕಿನಲ್ಲಿ ಕೂತಿತ್ತು. ಅಕ್ಕನ ಲೆಕ್ಕದಲ್ಲಿ ಅದು ಅಡುಗೆಮನೆಯ ದುಡ್ಡು. ಗುಬ್ಬಿಯ ಅವರ ಮನೆಯ ಅಡುಗೆಮನೆಗೆ ಆಗ ಕಿಟಕಿಯಿರಲಿಲ್ಲ. ಮಾಡಿನಲ್ಲಿ ಒಂದು ಗಾಜಿನ ಹೆಂಚು, ಅಷ್ಟೇ ಬೆಳಕು. ಅಕ್ಕಿಯಲ್ಲಿ ಕಲ್ಲು ಆರಿಸಬೇಕಾದರೆ ಅಕ್ಕ ಮೊರ ಹಿಡಿದು ಹಿತ್ತಲ ಬಾಗಿಲಿಗೆ ಬರಬೇಕಿತ್ತು. ಪೂರ್ವಕ್ಕೊಂದು ದೊಡ್ಡ ಕಿಟಕಿ, ಅದರ ಕೆಳಗೆ ನಿಂತು ಹೆಚ್ಚುವ ಎತ್ತರಕ್ಕೆ ಒಂದು ಕಲ್ಲಿನ ಕಟ್ಟೆ: ಇದು ಅವಳು ಮದುವೆಯಾದಾಗಿನಿಂದ ಕೇಳುತ್ತಿದ್ದ ವಸ್ತು. ಭಾವನ ಲೆಕ್ಕದಲ್ಲಿ ಅದೇ ದುಡ್ಡು ಈ ನಾಣ್ಯಕ್ಕೆ ಹೋಗಿ, ಐದು ವರ್ಷ ಬಿಟ್ಟು ಬಂದು, ಅಡುಗೆಮನೆಯ ಜೊತೆಗೆ ಮೇಲೊಂದು ಮಹಡಿಯನ್ನೂ ಕಟ್ಟಿಸುವುದಿತ್ತು. ಅಕ್ಕ ಜಗಳ ಮಾಡಲಿಲ್ಲ. ಪಾರ್ವತಿ ನೋಡಿ ಹ್ಞೂಂ ಅಂದರೆ ಹಾಕಿ ಎಂದು ನನ್ನ ಹೆಸರು ಹೇಳಿಬಿಟ್ಟಳು. ಅಲ್ಲಿಗೆ ಅವಳ ಕಿಟಕಿ ನನ್ನ ಕೈಗೆ ಬಂತು.

ತಾಂತ್ರಿಕ ಜ್ಞಾನದ ವಿಷಯ ಮೊದಲೇ ಹೇಳಿಬಿಡುತ್ತೇನೆ, ನನಗದು ಇಲ್ಲ. ಕುಕ್ಕರ್ ಯಾಕೆ ಕೂಗುತ್ತದೆ ಅನ್ನುವುದೇ ಸರಿಯಾಗಿ ಗೊತ್ತಿಲ್ಲ. ಆದರೂ ಬೇಳೆಗೆ ಮೂರು ಕೂಗು ಎಂದು ಧೈರ್ಯವಾಗಿ ತೀರ್ಮಾನ ಮಾಡುತ್ತೇನೆ. ಯೋಚಿಸಿ ನೋಡಿ, ನಾವು ಬದುಕಿನಲ್ಲಿ ಒಪ್ಪಿಕೊಂಡಿರುವುದೆಲ್ಲ ಹೀಗೇ ಅಲ್ಲವೇ? ಡಾಕ್ಟರು ಬರೆದುಕೊಟ್ಟ ಮಾತ್ರೆ, ಮೇಸ್ತ್ರಿ ಹಾಕಿದ ಪಾಯ, ದರ್ಜಿ ತೆಗೆದುಕೊಂಡ ಅಳತೆ, ಇವುಗಳಲ್ಲಿ ಯಾವುದರ ಒಳಗುಟ್ಟು ನಮಗೆ ಗೊತ್ತು? ನಾವು ನೋಡುವುದು ವಸ್ತುವನ್ನಲ್ಲ, ವಸ್ತುವಿನ ಸುತ್ತ ಇರುವವರನ್ನು. ಆ ಧೈರ್ಯದ ಮೇಲೆ ನಾಣ್ಯವನ್ನೂ ಒಂದು ಸಂಬಂಧದ ಹಾಗೆಯೇ ನೋಡುವುದೆಂದು ಗೊತ್ತುಮಾಡಿಕೊಂಡೆ. ಮನೆಯಲ್ಲಿ ಅದನ್ನು ನಾವೆಲ್ಲ ‘ಗಂಡು’ ಎಂದೇ ಕರೆಯತೊಡಗಿದೆವು.

ಗಂಡಿನ ಕಡೆಯವರು ಕಳಿಸಿದ ವಿವರಗಳನ್ನು ಭಾವ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ತಂದುಕೊಟ್ಟರು. ಇದಕ್ಕೆ ಶ್ವೇತಪತ್ರ ಅನ್ನುತ್ತಾರಂತೆ. ಪೆನ್ಸಿಲ್ ಹಿಡಿದು ಮೂರು ಸಲ ಓದಿದೆ. ಒಂದೊಂದು ನಾಣ್ಯದ ಹಿಂದೆಯೂ ಒಂದೊಂದು ನಿಜವಾದ ತೆಂಗಿನಕಾಯಿ ಇರುತ್ತದೆ, ಕಾಯಿಗೊಂದು ನಂಬರ್ ಇರುತ್ತದೆ, ನಾಣ್ಯವನ್ನು ಐದು ವರ್ಷ ಮುಟ್ಟುವ ಹಾಗಿಲ್ಲ, ಇಷ್ಟು ನನಗೆ ಅರ್ಥವಾಯಿತು. ತೆಂಗಿನಕಾಯಿ ಎಂದು ಇದ್ದದ್ದು ಒಂದೇ ಕಡೆ. ಮಿಕ್ಕ ಪುಟಗಳಲ್ಲಿ ಅದನ್ನು ‘ಆಧಾರ ಆಸ್ತಿ’ ಎಂದು ಕರೆದಿದ್ದರು. ಆಸ್ತಿ ಎಂಬ ಮಾತು ಬಂದ ಕೂಡಲೇ ನಾವು ಸ್ವಲ್ಪ ನೆಟ್ಟಗೆ ಕೂತು ಓದುತ್ತೇವೆ.

ಕೊನೆಯ ಪುಟದಲ್ಲಿ ಫೋಟೊಗಳಿದ್ದವು. ಎರಡೇ. ಒಂದು ಮಹೇಶಪ್ಪ ಎಂಬ ನಲವತ್ತೈದರ ಆಸುಪಾಸಿನವರದು, ಈ ನಾಣ್ಯವನ್ನು ಶುರುಮಾಡಿದವರು. ಮೊದಲು ಸೋಲಾರ್ ಹೀಟರ್ ಏಜೆನ್ಸಿ ಇಟ್ಟಿದ್ದರಂತೆ. ಇನ್ನೊಂದು ಗೂಬೆಯದು. ತಾಂತ್ರಿಕ ವಿಭಾಗವನ್ನೆಲ್ಲ ನೋಡಿಕೊಳ್ಳುವುದು ಈ ಗೂಬೆಯೇ ಎಂದು ಬರೆದಿತ್ತು. ಭಾವನನ್ನು ಕೇಳಿದರೆ, ಆ ಲೋಕದಲ್ಲಿ ದೊಡ್ಡವರು ಮುಖ ತೋರಿಸುವುದಿಲ್ಲ, ಅದೇ ಅಲ್ಲಿ ಮರ್ಯಾದೆ ಎಂದರು. ನಾನು ಎಷ್ಟೋ ಸಂಬಂಧ ನೋಡಿದ್ದೇನೆ, ಹತ್ತು ವರ್ಷ ಹಿಂದಿನ ಫೋಟೊ ಕಳಿಸಿದವರಿದ್ದಾರೆ, ಅಣ್ಣನ ಫೋಟೊ ಕಳಿಸಿದವರೂ ಇದ್ದಾರೆ. ಗೂಬೆ ಕಳಿಸಿದವರು ಇವರೇ ಮೊದಲು.

ಅವರದೊಂದು ಫೋನಿನ ಗುಂಪಿತ್ತು. ಭಾವ ನನ್ನನ್ನೂ ಸೇರಿಸಿದರು. ಕಾಯಿಗಳನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದೆ. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಉತ್ತರ ಬಂತು: ಬಹಳ ಒಳ್ಳೆಯ ಪ್ರಶ್ನೆ, ನಾವೆಲ್ಲ ಚಂದ್ರನ ಕಡೆಗೆ ಹೊರಟಿದ್ದೇವೆ, ಪಕ್ಕದಲ್ಲೊಂದು ರಾಕೆಟ್. ಅಷ್ಟೊಂದು ಕಾಯಿ ಚಂದ್ರನಿಗೆ ಯಾಕೆ ಬೇಕು ಎಂದು ಯೋಚಿಸುತ್ತ, ಸುಮ್ಮನೆ ಊಟ ಆಯ್ತಾ ಎಂದು ಕೇಳಿದೆ. ಅದಕ್ಕೂ ಬಹಳ ಒಳ್ಳೆಯ ಪ್ರಶ್ನೆ, ಅದಕ್ಕೂ ರಾಕೆಟ್. ಯಂತ್ರ ಉತ್ತರ ಕೊಡುತ್ತಿದೆ ಎಂದು ಆಗ ತಿಳಿಯಿತು. ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ‘ನೀರು ಬರಲಿಲ್ಲ, ಗಂಡಿನ ಕಡೆಯವರು ಮಾತಿಗೆ ಸಿಗಲಿಲ್ಲ’ ಎಂದು ಬರೆದಿದೆ.

ಇಷ್ಟರ ಮಧ್ಯೆ ಭಾವ ನನಗೂ ಹೊಳೆಯದ ಒಂದು ಕೆಲಸ ಮಾಡಿದ್ದರು. ನಾಣ್ಯ ಹುಟ್ಟಿದ ದಿನ ಮತ್ತು ಗಳಿಗೆಯನ್ನು ಶ್ವೇತಪತ್ರದಿಂದ ಬರೆದುಕೊಂಡು, ಗುಬ್ಬಿ ಪೇಟೆಯ ಜೋಯಿಸರ ಹತ್ತಿರ ಜಾತಕ ಬರೆಸಲು ಹೋಗಿದ್ದರು. ಗಣಿತದವರಾದ್ದರಿಂದ ಹುಟ್ಟಿದ ಗಳಿಗೆಯನ್ನು ಸೆಕೆಂಡಿನವರೆಗೂ ಬರೆದುಕೊಂಡಿದ್ದರು, ಅದಕ್ಕೆ ಜೋಯಿಸರಿಗೆ ಬಹಳ ಸಂತೋಷವಾಯಿತಂತೆ. ಆದರೆ ಹುಟ್ಟಿದ ಊರು ಬೇಕಲ್ಲ. ಮಹೇಶಪ್ಪನವರಿಗೆ ಫೋನ್ ಮಾಡಿದರೆ, ಅವರು ಗೂಬೆಯನ್ನು ಕೇಳಿ, ಮೂರು ದೇಶಗಳ ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಹುಟ್ಟಿದೆ ಎಂದು ತಿಳಿಸಿದರು. ಒಂದೇ ಹೊತ್ತಿಗೆ ಮೂರು ಊರಲ್ಲಿ ಹುಟ್ಟಿದ್ದಕ್ಕೆ ಲಗ್ನ ಕಟ್ಟುವುದು ತಮ್ಮ ವಿದ್ಯೆಯಲ್ಲಿ ಇಲ್ಲ ಎಂದು ಜೋಯಿಸರು ಪಂಚಾಂಗ ಮಡಿಚಿಟ್ಟರು, ದಕ್ಷಿಣೆಯನ್ನೂ ಮುಟ್ಟಲಿಲ್ಲ. ಕಾಯಿಗಳು ಇರುವ ಗೋಡೌನು ಕುಣಿಗಲ್ ಹತ್ತಿರ ಎಂದು ಅದೇ ಫೋನಿನಲ್ಲಿ ಗೊತ್ತಾಯಿತು. ಹಾಗಾದರೆ ಹೋಗಿ ನೋಡಿಯೇ ಬರೋಣ ಎಂದೆ.

ಭಾವ ಗುಬ್ಬಿಯಿಂದ ಬೆಳಗಿನ ರೈಲಿಗೆ ತುಮಕೂರಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಮೊದಲ ಸಲ ಹೋಗುವ ಮನೆಗೆ ಬರಿಗೈಲಿ ಹೋಗಬಾರದೆಂದು ಅಕ್ಕನೇ ಕಟ್ಟಿಕೊಟ್ಟಿದ್ದಳು. ತನ್ನ ಕಿಟಕಿಗೆ ಕುತ್ತಾಗಿ ಬಂದಿರುವವರಿಗೂ ಹಣ್ಣು ಕಳಿಸುವವಳು ನಮ್ಮಕ್ಕ. ಕುಣಿಗಲ್ ಬಸ್ಸಿನಲ್ಲಿ ಕೂತ ಮೇಲೆ ಭಾವ ಟಿಕೆಟ್ ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

“ಮನೇಲಿ ಎಲ್ಲಾ ನಿಮ್ಮಕ್ಕಂದೇ ಲೆಕ್ಕ ಕಣಮ್ಮ. ತರಕಾರಿನೂ ನಾನು ತಂದ್ರೆ ಸರಿ ಇರಲ್ಲ. ಒಂದ್ ಸಲ ನಂದೂ ಒಂದು ಸರಿಹೋಗ್ಲಿ ಅಂತ.”

ಅದುವರೆಗೆ ತಕ್ಕಡಿಯ ಒಂದು ಕಡೆ ಅಕ್ಕನ ಕಿಟಕಿ ಮಾತ್ರ ಇತ್ತು. ಈಗ ಇನ್ನೊಂದು ಕಡೆ ಈ ಮನುಷ್ಯರು ಶಲ್ಯ ಸರಿಮಾಡಿಕೊಂಡು ಬಂದು ಕೂತುಬಿಟ್ಟರು. ಬೇಡ ಎಂದರೂ ನೋವು, ಬೇಕು ಎಂದರೂ ನೋವು. ಬಾಳೆಹಣ್ಣಿನ ಚೀಲವನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡೆ.

ಗೋಡೌನು ಊರಾಚೆ, ತಗಡಿನ ಮಾಡಿನದು. ಮಹೇಶಪ್ಪನವರು ಗೇಟಿನ ತನಕ ಬಂದು ಕೈಮುಗಿದು ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯರ ಹಾಗೆ ಕಂಡರು, ಈಗಲೂ ಹಾಗೇ ಅನ್ನುತ್ತೇನೆ. ಬಾಳೆಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೂರಿಸಿ, ಉಪ್ಪಿಟ್ಟು, ಕೇಸರಿಬಾತು, ಕಾಫಿ ತರಿಸಿದರು. ಭಾವ ಎಲ್ಲವನ್ನೂ ತಿಂದರು, ಕೇಸರಿಬಾತನ್ನು ಎರಡನೆಯ ಸಲವೂ ಹಾಕಿಸಿಕೊಂಡರು. ಅಲ್ಲಿಗೆ ಅವರು ಸಿಕ್ಕಿಹಾಕಿಕೊಂಡರು ಎಂದು ನನಗೆ ಗೊತ್ತಾಯಿತು. ಸಂಬಂಧ ನೋಡಲು ಹೋದ ಮನೆಯಲ್ಲಿ ಸಿಹಿ ಎರಡು ಸಲ ಹಾಕಿಸಿಕೊಂಡವರು ಬೇಡ ಎಂದು ಹೇಳಿ ಬಂದದ್ದನ್ನು ನಾನು ಕಂಡಿಲ್ಲ. ಮಹೇಶಪ್ಪನವರು ನಾಣ್ಯ ಕೊಳ್ಳುವ ಬಗೆಯನ್ನು ಫೋನಿನಲ್ಲಿ ತೋರಿಸತೊಡಗಿದರು. ಭಾವನೂ ಜೇಬಿನಿಂದ ಫೋನ್ ತೆಗೆದು, ಪಂಚೆಯ ತುದಿಯಿಂದ ಅದರ ಗಾಜು ಒರೆಸಿದರು.

ಇಂಥ ಹೊತ್ತಿನಲ್ಲಿ ಮಾಡುವ ಕೆಲಸ ನನಗೆ ಅಭ್ಯಾಸವಾಗಿದೆ. ಯಾವುದೇ ಮನೆಗೆ ಹೋದರೂ ಪಡಸಾಲೆಯಲ್ಲಿ ಕೂತವರಿಂದ ಏನೂ ತಿಳಿಯುವುದಿಲ್ಲ. ಬಚ್ಚಲು ಎಲ್ಲಿ ಎಂದು ಕೇಳಿಕೊಂಡು ಹಿತ್ತಲಿಗೆ ಹೋಗಬೇಕು, ಪಾತ್ರೆ ತೊಳೆಯುವವರ ಹತ್ತಿರ ಎರಡು ಮಾತಾಡಬೇಕು. ಪಡಸಾಲೆಯಲ್ಲಿ ಅರ್ಧ ದಿನ ಕೂತರೂ ಸಿಗದ ವಿಷಯ ಅಲ್ಲಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಸಿಗುತ್ತದೆ. ಬಚ್ಚಲು ಎಲ್ಲಿ ಎಂದು ಕೇಳಿದೆ.

ಹಿಂದಿನ ಜಗಲಿಯಲ್ಲಿ ಕೆಂಪಮ್ಮ ಎನ್ನುವ ಹೆಂಗಸು ಕಾಯಿಗಳ ರಾಶಿಯ ಮುಂದೆ ಕಾಲು ಚಾಚಿ ಕೂತಿದ್ದರು. ನಂಬರ್ ಇರುವ ಪುಟ್ಟ ಚೀಟಿಗಳನ್ನು ಕಾಯಿಗಳ ಜುಟ್ಟಿಗೆ ದಾರದಲ್ಲಿ ಕಟ್ಟುವುದು ಅವರ ಕೆಲಸ. ನಾನೂ ಪಕ್ಕದಲ್ಲಿ ಕೂತೆ. ಸುಮ್ಮನೆ ಕೂರುವುದು ಯಾಕೆಂದು ನಾನೂ ನಾಲ್ಕು ಕಟ್ಟಿದೆ. ಅಂಟಿನ ಚೀಟಿ ನಾರಿಗೆ ನಿಲ್ಲಲ್ಲ ಕಣಕ್ಕ, ಮೊದ್ಲು ಅದನ್ನೇ ಮಾಡಿ ನೋಡಿದ್ರು ಎಂದರು ಕೆಂಪಮ್ಮ. ಆಮೇಲೆ ಮಾತು ತಾನಾಗಿಯೇ ಬಂತು. ಅಟ್ಟದಲ್ಲಿಟ್ಟ ಕಾಯಿ ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಇದು ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಆ ಸದ್ದು ಬಂದ ಮೇಲೂ ಹಾಗೇ ಇಟ್ಟರೆ ಹುಳ ಬೀಳುತ್ತದೆ. ಆದ್ದರಿಂದ ಸದ್ದು ಬಂದ ರಾಶಿಯ ಚೀಟಿಗಳನ್ನೆಲ್ಲ ಕೆಂಪಮ್ಮ ಬಿಚ್ಚಿಡುತ್ತಾರೆ, ಟೆಂಪೋ ಬಂದು ಕಾಯಿ ತುಂಬಿಕೊಂಡು ಮಂಡಿಗೆ ಹೋಗುತ್ತದೆ, ಹೊಸ ಕಾಯಿ ಬರುತ್ತವೆ, ಅದೇ ಚೀಟಿಗಳನ್ನು ಅವುಗಳಿಗೆ ಕಟ್ಟುತ್ತಾರೆ.

ಅಂದರೆ ಐದು ವರ್ಷ ಮುಟ್ಟದೆ ಇಡುತ್ತೇವೆ ಎಂದದ್ದು ಕಾಯಿಯನ್ನಲ್ಲ, ಚೀಟಿಯನ್ನು. ನಾನು ತೆಂಗಿನ ಸೀಮೆಯಲ್ಲಿ ಹುಟ್ಟಿ, ಅಟ್ಟದ ಕೆಳಗೆ ಮಲಗಿ ಬೆಳೆದವಳು. ಮೂರು ಸಲ ಪೆನ್ಸಿಲ್ ಹಿಡಿದು ಓದಿದರೂ ಐದು ವರ್ಷ ಕೆಡದೆ ಇರುವ ಕಾಯಿ ಎಲ್ಲಿಂದ ಬಂತು ಎಂಬ ಒಂದು ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಎಲ್ಲ ಕಡೆಯೂ ಕಾಯಿ ಎಂದೇ ಬರೆದಿದ್ದರೆ ಖಂಡಿತ ಬರುತ್ತಿತ್ತು. ಆಸ್ತಿ ಕೊಳೆಯುತ್ತದೆ ಎಂದು ಯಾರಿಗೆ ತಾನೆ ಅನ್ನಿಸುತ್ತದೆ?

ನಿಮಗೂ ಒಂದೆರಡು ನಾಣ್ಯ ಕೊಟ್ಟಿದ್ದಾರಾ ಎಂದು ಕೆಂಪಮ್ಮನನ್ನು ಕೇಳಿದೆ.

“ಕೊಡ್ತೀವಿ ಅಂದ್ರು ಕಣಕ್ಕ. ಬ್ಯಾಡ ಬುಡಿ ಸ್ವಾಮಿ, ಕೂಲಿ ಮ್ಯಾಲೆ ವಾರಕ್ಕೆ ನಾಕು ಕಾಯಿ ಕೊಡಿ ಸಾಕು ಅಂದೆ. ಚೀಟಿ ಕಟ್ಟೋಳು ನಾನಲ್ವಾ.”

ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿ ನೋಡಿದರೆ ಭಾವ. ನಾನು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಹುಡುಕಿಕೊಂಡು ಬಂದವರು, ಕೈಯಲ್ಲಿ ಇನ್ನೂ ಫೋನ್ ಹಿಡಿದಿದ್ದರು. ಅದನ್ನು ಜೇಬಿಗೆ ಹಾಕಿ, ರಾಶಿಯಿಂದ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಡಲೊಡ ಎಂದಿತು. ಇನ್ನೊಂದು ಎತ್ತಿದರು, ಅದರಲ್ಲಿ ನೀರಿತ್ತು. ಹಿಂದೆಯೇ ಬಂದ ಮಹೇಶಪ್ಪನವರನ್ನು ತರಗತಿಯಲ್ಲಿ ಕೇಳುವ ಹಾಗೆ ತಾಳ್ಮೆಯಿಂದ ಕೇಳಿದರು: ಹಳೆಯ ಕಾಯಿ ಮಾರಿದ ದುಡ್ಡು ಏನಾಗುತ್ತದೆ? ಹೊಸ ಕಾಯಿ ಕೊಳ್ಳುತ್ತೇವೆ ಸಾರ್, ಗೋಡೌನ್ ಬಾಡಿಗೆ, ದಾರ, ಕೂಲಿ, ಗೂಬೆಯ ಸಂಬಳ ಎಂದು ಅವರೂ ಏನನ್ನೂ ಮುಚ್ಚಿಡದೆ ಹೇಳಿದರು.

“ಹಾಗಾದ್ರೆ ನೀವು ಮಾಡ್ತಿರೋದು ಕಾಯಿ ವ್ಯಾಪಾರ ಅಲ್ವೇನ್ರೀ?”

“ಹೌದು ಸಾರ್. ಆದ್ರೆ ಕಾಯಿ ವ್ಯಾಪಾರ ಅಂದ್ರೆ ಯಾರೂ ದುಡ್ಡು ಹಾಕಲ್ಲ.”

ಮಹೇಶಪ್ಪನವರ ಮುಖದಲ್ಲಿ ಕಳ್ಳತನ ಏನೂ ಕಾಣಲಿಲ್ಲ. ಸೋಲಾರ್ ಹೀಟರ್ ಮಾರಲು ಹೋಗಿ ಮನೆಮನೆಯ ಮುಂದೆ ನಿಂತ ಆಯಾಸವೇ ಕಂಡಿತು. ಭಾವ ತಿಳಿಸ್ತೀವಿ ಎಂದರು. ಸಂಬಂಧದ ಮಾತಿನಲ್ಲಿ ತಿಳಿಸ್ತೀವಿ ಎಂದರೆ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಮಹೇಶಪ್ಪನವರಿಗೂ ಗೊತ್ತಿತ್ತು. ಆದರೂ ಬಸ್ಸಿನ ತನಕ ಬಂದು ಬಿಟ್ಟುಹೋದರು.

ವಾಪಸು ಬರುವಾಗ ಭಾವ ಒಂದೇ ಪ್ರಶ್ನೆ ಕೇಳಿದ್ದು: ನಿಮ್ಮಕ್ಕನಿಗೆ ಏನು ಹೇಳೋದು? ಚೀಟಿಯ ಕಥೆ ಹೇಳಿದರೆ ಅವರ ಆಯ್ಕೆ ತರಕಾರಿಯ ಸಾಲಿಗೆ ಸೇರುತ್ತಿತ್ತು. ಜೊತೆಗೆ, ಸಂಜೆ ವಾಕಿಂಗಿಗೆ ಬರುವ ನಿವೃತ್ತ ಮೇಷ್ಟ್ರುಗಳೆಲ್ಲ ತಾವೂ ದುಡ್ಡು ಹಾಕಬೇಕೇ ಎಂದು ಇವರ ತೀರ್ಪಿಗೆ ಕಾಯುತ್ತಿದ್ದರು. ಸಂಬಂಧ ಬೇಡವಾದರೆ ನಮ್ಮಲ್ಲಿ ಯಾರೂ ಹುಡುಗನನ್ನು ದೂರುವುದಿಲ್ಲ, ಹುಡುಗಿಯನ್ನೂ ದೂರುವುದಿಲ್ಲ. ಜಾತಕ ಕೂಡಲಿಲ್ಲ ಎನ್ನುತ್ತೇವೆ. ಎರಡೂ ಮನೆಯವರು ಆಮೇಲೆ ಯಾವ ಮದುವೆಯಲ್ಲಿ ಸಿಕ್ಕರೂ ನಗುನಗುತ್ತ ಮಾತಾಡಬಹುದು. ಅದನ್ನೇ ಹೇಳಿ ಎಂದೆ. ಹೇಗೂ ಜಾತಕ ಬರೆಯುವುದಕ್ಕೇ ಆಗಿಲ್ಲವಲ್ಲ, ಸುಳ್ಳೂ ಆಗುವುದಿಲ್ಲ. ಭಾವನ ಮುಖ ತಿಳಿಯಾಯಿತು. ಗುಬ್ಬಿಗೆ ಹೋಗಿ ಅಕ್ಕನಿಗೆ ಹಾಗೇ ಹೇಳಿದರು, ಮೇಷ್ಟ್ರುಗಳಿಗೂ ಹಾಗೇ ಹೇಳಿದರು. ಅವರೆಲ್ಲ ಗಂಭೀರವಾಗಿ ಒಪ್ಪಿಕೊಂಡರಂತೆ. ಅವರಲ್ಲಿ ಇಬ್ಬರು ವಿಜ್ಞಾನದ ಮೇಷ್ಟ್ರು.

ಎಡವಟ್ಟಾದದ್ದು ಮಹೇಶಪ್ಪನವರಿಗೂ ಅದನ್ನೇ ತಿಳಿಸಿದ್ದರಿಂದ. ಎರಡು ದಿನ ಬಿಟ್ಟು ಅವರು ಫೋನ್ ಮಾಡಿದರು. ಜಾತಕವೇ ತೊಡಕಾದರೆ ಚಿಂತೆಯಿಲ್ಲ ಸಾರ್, ಗೂಬೆಯನ್ನು ಕೇಳಿದ್ದೇನೆ, ನಾಣ್ಯವನ್ನು ಹೊಸದಾಗಿ ಹುಟ್ಟಿಸಬಹುದಂತೆ. ನಿಮ್ಮ ಜೋಯಿಸರು ಯಾವ ಮುಹೂರ್ತ ಹೇಳುತ್ತಾರೋ ಆ ಮುಹೂರ್ತಕ್ಕೆ, ಗುಬ್ಬಿಯಲ್ಲೇ, ನಿಮ್ಮ ಮನೆಯಲ್ಲೇ ಬೇಕಾದರೂ. ಭಾವ ಫೋನಿನ ಬಾಯಿ ಮುಚ್ಚಿ ಅಕ್ಕನ ಮುಖ ನೋಡಿದರಂತೆ. ಅಕ್ಕ ಆಗ ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು.

“ಬಾಣಂತನ ಎಲ್ಲ ನನ್ ಕೈಲಾಗಲ್ಲ ಅಂತ ಹೇಳ್ಬುಡಿ” ಎಂದಳಂತೆ, ಅಕ್ಕಿಯಿಂದ ತಲೆಯೆತ್ತದೆ.

ಮುಂದಿನ ತಿಂಗಳು ಪೂರ್ವದ ಗೋಡೆ ಒಡೆದರು. ಕಿಟಕಿ ಎಷ್ಟು ಅಗಲವಿರಬೇಕು, ಕಟ್ಟೆ ಎಷ್ಟು ಎತ್ತರವಿರಬೇಕು ಎಂದು ಭಾವ ನಿಂತು ಅಳತೆ ಹಾಕಿಸಿದರು. ಕಲ್ಲನ್ನು ಅವರೇ ಆರಿಸಿ ತಂದರು. ಅದು ಸ್ವಲ್ಪ ಕಪ್ಪಾಯಿತು ಎಂದು ಅಕ್ಕನಿಗೆ ಅನ್ನಿಸಿತ್ತು, ನನ್ನ ಹತ್ತಿರ ಹೇಳಿದಳು, ಅವರ ಹತ್ತಿರ ಹೇಳಲಿಲ್ಲ. ನನ್ನ ಕ್ಯಾಲೆಂಡರಿನಲ್ಲಿ ಆ ದಿನ ಎರಡೇ ಪದ ಇದೆ, ‘ಅಕ್ಕ, ಬೆಳಕು’.

ಆದರೆ ಬೇಡವೆಂದ ಗಂಡಿನ ಸುದ್ದಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅವನಿಗೆ ಎಲ್ಲಿ ಕೆಲಸವಾಯಿತು, ಎಂಥ ಹೆಣ್ಣು ಸಿಕ್ಕಿತು ಎಂದು ವರ್ಷಗಟ್ಟಲೆ ಕಿವಿ ಕೊಟ್ಟುಕೊಂಡೇ ಇರುತ್ತೇವೆ. ಭಾವ ದಿನಾ ಬೆಳಿಗ್ಗೆ ಹೊಸ ಕಿಟಕಿಯ ಕೆಳಗೆ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ನಾಣ್ಯದ ಬೆಲೆ ನೋಡತೊಡಗಿದರು. ಅದು ಮೂರು ವಾರದಲ್ಲಿ ದುಪ್ಪಟ್ಟಾಯಿತು. ಆ ಮೂರು ವಾರ ನಾನು ಗುಬ್ಬಿ ಕಡೆ ತಲೆ ಹಾಕಲಿಲ್ಲ. ಇಲ್ಲದ ಮಹಡಿಯೊಂದು ದಿನಾ ಕಣ್ಣೆದುರು ಎದ್ದು ನಿಲ್ಲುತ್ತಿತ್ತು. ಕಾಯಿಯ ವಿಷಯದಲ್ಲಿ ನಾನು ಕಂಡದ್ದು ನಿಜವೇ. ಆದರೆ ಕೊಳ್ಳುವವರಲ್ಲಿ ಯಾರೂ ಹಿತ್ತಲಿಗೆ ಹೋಗದಿದ್ದರೆ ಆ ನಿಜಕ್ಕೆ ಏನು ಬೆಲೆ?

ಆಮೇಲೆ ನಾಣ್ಯದ ಬೆಲೆ ನೆಲಕ್ಕೆ ಬಿತ್ತು. ನಾನು ಧೈರ್ಯ ಮಾಡಿ ಗುಬ್ಬಿಗೆ ಹೋದ ದಿನವೇ ಬಿದ್ದಿತ್ತು. ಒಂದು ಪೈಸೆಯನ್ನೂ ಕಳೆದುಕೊಳ್ಳದ ಭಾವ ಎಲ್ಲ ಕಳೆದುಕೊಂಡವರ ಹಾಗೆ ತಟ್ಟೆಯ ಮುಂದೆ ಕೂತಿದ್ದರು. ಮುದ್ದೆ ಮುರಿದದ್ದು ಹಾಗೇ ಇತ್ತು. ನನಗಾದರೂ ಸಂತೋಷವಾಗಬೇಕಿತ್ತು, ಆಗಲಿಲ್ಲ. ಮಹೇಶಪ್ಪನವರು ಎರಡು ಕೈಯಲ್ಲಿ ಬಾಳೆಹಣ್ಣು ತೆಗೆದುಕೊಂಡದ್ದೇ ನೆನಪಾಗುತ್ತಿತ್ತು. ಅಕ್ಕ ಹೊಸ ಕಟ್ಟೆಯ ಹತ್ತಿರ ನಿಂತು, ಬಿಸಿಲಿಗೆ ಮೊರ ವಾಲಿಸಿ ಕಲ್ಲು ಆರಿಸುತ್ತಿದ್ದಳು. ನಮ್ಮಿಬ್ಬರ ಮುಖವನ್ನೂ ಒಂದು ಸಲ ನೋಡಿದಳು.

“ಪಾಪ, ಆ ಗಂಡು. ನಮ್ಮನೇಗೆ ಬಂದಿದ್ರೆ ಚೆನ್ನಾಗಿರ್ತಿತ್ತೇನೋ” ಎಂದಳು.

ಭಾವ ತಲೆಯೆತ್ತಿದರು. ಹೌದು ಎನ್ನುವ ಹಾಗೆ ನಿಧಾನವಾಗಿ ತಲೆದೂಗಿ, ಸಾರಿನ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.